ಗಲ್ಲಾದ ಮಾಧವರಾಯರೂ ಸುರಕ್ಷಿತ ವೈ-ಫೈಯೂ

ವಡೋದರದ ಆಲ್ಕಾಪುರಿಯಲ್ಲಿ ಸುಪ್ರಭಾತ ಉಡುಪಿ ಹೋಟೆಲು ಎಲ್ಲಿದೆ ಎಂದು ಯಾರನ್ನು ಕೇಳಿದರೂ ದಾರಿ ಹೇಳುತ್ತಾರೆ. ಆ ಹೋಟೆಲಿನ ಗಲ್ಲಾದಲ್ಲಿ ಕೂತಿರುವ ಮಾಧವರಾಯರಿಗೆ ಏನೇನು ಗೊತ್ತಿದೆ ಎಂದು ಕೇಳಿದರೆ ಮಾತ್ರ ಒಬ್ಬರೂ ಬಾಯಿ ಬಿಡುವುದಿಲ್ಲ. ಬಿಟ್ಟರೆ ಅವರವರ ಬಣ್ಣವೇ ಬಯಲಾಗುತ್ತದೆ.

ಗಲ್ಲಾದಲ್ಲಿ ಕೂತವನಿಗೆ ಊರಿನ ಹೊಟ್ಟೆಯ ಗುಟ್ಟೆಲ್ಲ ಗೊತ್ತಿರುತ್ತದೆ ನೋಡಿ. ಸಕ್ಕರೆ ಕಾಯಿಲೆಗೆ ಔಷಧಿ ಕೊಡುವ ಡಾಕ್ಟರರು ಶನಿವಾರ ಕಂಬದ ಮರೆಯಲ್ಲಿ ಕೂತು ಶಿರಾ ತರಿಸಿಕೊಳ್ಳುತ್ತಾರೆ, ಅದೂ ಎರಡೆರಡು ಪ್ಲೇಟು. ಮಾಧವರಾಯರು ವಾಸವಿರುವ ಸೊಸೈಟಿಯ ಸೆಕ್ರೆಟರಿ ಕಿರೀಟ್‌ಭಾಯ್, ಮಳೆಗಾಲದ ನಾಲ್ಕು ತಿಂಗಳ ವ್ರತ ಹಿಡಿದು ನೀರುಳ್ಳಿಯ ಹೆಸರೆತ್ತಿದರೂ ಮೂಗು ಮುಚ್ಚಿಕೊಳ್ಳುವವರು, ಅದೇ ನಾಲ್ಕು ತಿಂಗಳು ತಪ್ಪದೆ ಬಂದು ಒಳಗಿನ ಫ್ಯಾಮಿಲಿ ರೂಮಿನಲ್ಲಿ ಬಾಗಿಲು ಮುಂದೆ ಮಾಡಿಕೊಂಡು ನೀರುಳ್ಳಿ ಉತ್ತಪ್ಪ ತಿಂದು, ಬಾಯಿಗೆ ಏಲಕ್ಕಿ ಹಾಕಿಕೊಂಡು ಹೋಗುತ್ತಾರೆ. ಮಾಧವರಾಯರು ಎಲ್ಲವನ್ನೂ ನೋಡುತ್ತಾರೆ, ಚಿಲ್ಲರೆ ಕೊಡುತ್ತಾರೆ, ಸುಮ್ಮನಿರುತ್ತಾರೆ. "ಗಲ್ಲಾದಲ್ಲಿ ಕೂತವನಿಗೆ ಕಣ್ಣು ಇರ್ಬೇಕು, ಬಾಯಿ ಇರ್ಬಾರ್ದು" ಎಂಬುದು ಕೆಲಸಕ್ಕೆ ಸೇರುವ ಪ್ರತಿಯೊಬ್ಬನಿಗೂ ಅವರು ಹೇಳಿಕೊಡುವ ಮೊದಲ ಪಾಠ. ಹೆಂಡತಿ ಪಾರ್ವತಿಯ ಹತ್ತಿರವೂ ಒಬ್ಬ ಗಿರಾಕಿಯ ವಿಷಯ ಎತ್ತಿದವರಲ್ಲ.

ಇಂಥ ಮನುಷ್ಯನಿಗೂ ಕೊನೆಗೆ ಒಂದು ಸ್ವಂತ ಗುಟ್ಟು ಹುಟ್ಟಿಕೊಂಡಿತು.

ಆದದ್ದು ಹೋದ ವರ್ಷದ ನವರಾತ್ರಿಯಲ್ಲಿ. ವಡೋದರದಲ್ಲಿ ನವರಾತ್ರಿ ಎಂದರೆ ಗರ್ಬಾ. ಇಡೀ ಊರು ಸುತ್ತು ಕಟ್ಟಿ ಕುಣಿಯುತ್ತದೆ, ಕುಣಿದು ಹಸಿದವರೆಲ್ಲ ದೋಸೆಗೆ ನುಗ್ಗುತ್ತಾರೆ. ಹಾಗಾಗಿ ಮದುವೆಯಾಗಿ ಈ ಊರಿಗೆ ಬಂದಂದಿನಿಂದ ಒಂದು ನವರಾತ್ರಿಯಲ್ಲೂ ಮಾಧವರಾಯರು ಗಲ್ಲಾ ಬಿಟ್ಟು ಎದ್ದದ್ದಿಲ್ಲ. ಆ ಒಂದು ಸಂಜೆ ಮಾತ್ರ ಮರೆತ ಕನ್ನಡಕ ತರಲೆಂದು ಮನೆಗೆ ಬಂದರೆ, ಕೆಳಗೆ ಸೊಸೈಟಿಯ ಅಂಗಳದಲ್ಲಿ ಗರ್ಬಾ ನಡೆಯುತ್ತಿದೆ, ಮೇಲೆ ಗ್ಯಾಲರಿಯಲ್ಲಿ ಪಾರ್ವತಿ ಕಂಬಿ ಹಿಡಿದು ಒಬ್ಬಳೇ ನಿಂತು ನೋಡುತ್ತಿದ್ದಾಳೆ. ಅವಳ ಬೆರಳುಗಳು ಕಂಬಿಯ ಮೇಲೆ ತಾಳ ಹಾಕುತ್ತಿದ್ದವು. ಇಷ್ಟು ವರ್ಷ ಇವಳು ಹೀಗೇ ನಿಂತು ನೋಡಿದಳಲ್ಲ, ನಾನು ದೋಸೆ ಮಾರುತ್ತ ಕೂತೆನಲ್ಲ ಎಂದು ಅವರಿಗೆ ಅಳುವೇ ಬಂತು. ಕನ್ನಡಕ ತೆಗೆದುಕೊಳ್ಳದೆ, ಅವಳನ್ನು ಕರೆಯದೆ, ಹಾಗೇ ಮೆಟ್ಟಿಲಿಳಿದು ಹೋದರು. ಮುಂದಿನ ನವರಾತ್ರಿಗೆ ಇವಳನ್ನು ಕೈ ಹಿಡಿದು ಆ ಸುತ್ತಿನೊಳಗೆ ಕರೆದುಕೊಂಡು ಹೋಗದಿದ್ದರೆ ನಾನು ಗಂಡನೇ ಅಲ್ಲ ಎಂದು ದಾರಿಯಲ್ಲೇ ನಿಶ್ಚಯ ಮಾಡಿದರು.

ಕರೆದುಕೊಂಡು ಹೋಗಬೇಕಾದರೆ ಮೊದಲು ತಮಗೆ ಕುಣಿಯಲು ಬರಬೇಕಲ್ಲ. ಹುಡುಕಿ ಹುಡುಕಿ ಇಂಟರ್ನೆಟ್ಟಿನಲ್ಲಿ ಪೇಟ್ಲಾದ್ ಎಂಬ ಊರಿನ ಕಡೆಯ ಒಬ್ಬ ಮುದಿ ಗರ್ಬಾ ಮಾಸ್ತರರನ್ನು ಹಿಡಿದರು. ಮಾಸ್ತರರು ತಮ್ಮದೇ ಒಂದು ಸಣ್ಣ ಜಾಲತಾಣ ಮಾಡಿಕೊಂಡು, ಒಂದೊಂದೇ ಹೆಜ್ಜೆಯನ್ನು ನಿಧಾನವಾಗಿ ಕುಣಿದು ತೋರಿಸುತ್ತಿದ್ದರು. ಮಧ್ಯಾಹ್ನ ಊಟದ ಗಲಾಟೆ ಮುಗಿದ ಮೇಲೆ ಮಾಧವರಾಯರು ಉಗ್ರಾಣದ ಕೋಣೆಗೆ ಹೋಗಿ ಚಿಲಕ ಹಾಕಿ, ಫೋನನ್ನು ಎಣ್ಣೆಯ ಡಬ್ಬಿಗೆ ಒರಗಿಸಿ, ಅಕ್ಕಿ ಮೂಟೆಗಳ ನಡುವೆ ಚಪ್ಪಾಳೆ ತಟ್ಟುತ್ತ ಸುತ್ತುತ್ತಿದ್ದರು. ಹೊರಗಿನಿಂದ ಕೇಳಿದ ಅಡುಗೆಯವನು ಧಣಿಗಳು ಸೊಳ್ಳೆ ಹೊಡೆಯುತ್ತಿದ್ದಾರೆಂದು ತಿಳಿದು ಆ ಕೋಣೆಯಲ್ಲಿ ಸೊಳ್ಳೆಬತ್ತಿ ಹಚ್ಚಿಡಲು ಶುರು ಮಾಡಿದ. ಮಾಧವರಾಯರು ಹೊಗೆಯಲ್ಲಿ ಕೆಮ್ಮುತ್ತಲೇ ಎರಡು ಚಪ್ಪಾಳೆಯ ಗರ್ಬಾ ಕಲಿತರು, ಮೂರು ಚಪ್ಪಾಳೆಯದಕ್ಕೆ ಕಾಲಿಟ್ಟರು.

ಎಲ್ಲ ಸರಿಯಾಗಿ ಸಾಗುತ್ತಿತ್ತು. ಹೀಗಿರುವಾಗ ಒಂದು ದಿನ ಗೋಪಾಲಕೃಷ್ಣ ಬಂದು ಕಾಫಿಗೆ ಕೂತರು.

ಗೋಪಾಲಕೃಷ್ಣ ಮೈಸೂರಿನವರು. ಇಲ್ಲಿಯ ಮಕರಪುರದ ಒಂದು ಟ್ರಾನ್ಸ್‌ಫಾರ್ಮರ್ ಕಾರ್ಖಾನೆಯಲ್ಲಿ ಮ್ಯಾನೇಜರಾಗಿದ್ದು ನಿವೃತ್ತರಾದವರು, ಈಗ ಮೊಬೈಲಿಗೆ ಬಂದ ಸುದ್ದಿಯನ್ನೆಲ್ಲ ಊರಿಗೆ ಹಂಚುವ ಕೆಲಸ ಹಚ್ಚಿಕೊಂಡವರು. "ಅಲ್ಲ ಸ್ವಾಮಿ, ಹೋಟೆಲಲ್ಲಿ ಬಿಟ್ಟಿ ವೈ-ಫೈ ಕೊಟ್ಟಿದೀರಲ್ಲ, ಯಾವನೋ ಗಿರಾಕಿ ಅದರಲ್ಲಿ ಕೆಟ್ಟ ಸೈಟು ನೋಡಿದ ಅನ್ಕೊಳ್ಳಿ. ಒಳಗೆ ಹೋಗೋರು ಯಾರು ಗೊತ್ತೇನ್ರೀ? ನೀವು" ಎಂದರು. ಮಾಧವರಾಯರ ಕೈಯಲ್ಲಿದ್ದ ಚಿಲ್ಲರೆ ಕೆಳಗೆ ಬಿತ್ತು. ಗೋಪಾಲಕೃಷ್ಣ ಅಷ್ಟಕ್ಕೆ ಬಿಡಲಿಲ್ಲ. ಸರಕಾರದ ಬೆಂಬಲದಿಂದ ನಡೆಯುವ ಹೊಸ ಡಿಎನ್‌ಎಸ್ ಸೇವೆ ಬಂದಿದೆಯೆಂದೂ, ಪುಕ್ಕಟೆಯೆಂದೂ, ಅದನ್ನು ಹಾಕಿಸಿದರೆ ಕೆಟ್ಟ ತಾಣಗಳು ತಾವಾಗಿಯೇ ಮುಚ್ಚಿಕೊಳ್ಳುತ್ತವೆಂದೂ ಹೇಳಿ, ಎರಡನೆಯ ಕಾಫಿ ತರಿಸಿಕೊಂಡರು.

ಮಾರನೆಯ ದಿನವೇ ಇಂಟರ್ನೆಟ್ಟಿನವನು ಬಂದು ಅದನ್ನು ಹಾಕಿಕೊಟ್ಟು ಹೋದ. ಅಷ್ಟು ಮಾಡಿ ಸುಮ್ಮನಿದ್ದರೆ ಕಥೆಯೇ ಇರುತ್ತಿರಲಿಲ್ಲ. ಮಾಧವರಾಯರಿಗೆ ಹೆಮ್ಮೆ ಉಕ್ಕಿತು. ಗುಜರಾತಿಯಲ್ಲಿ ದೊಡ್ಡದೊಂದು ಬೋರ್ಡು ಬರೆಸಿ ಗಲ್ಲಾದ ಹಿಂದೆ, ಅಣ್ಣಪ್ಪ ಸ್ವಾಮಿಯ ಫೋಟೋದ ಪಕ್ಕದಲ್ಲೇ ನೇತುಹಾಕಿಸಿದರು: "ಇಲ್ಲಿ ಸುರಕ್ಷಿತ ವೈ-ಫೈ ಇದೆ. ಕೆಟ್ಟ ತಾಣ ತೆರೆಯುವುದಿಲ್ಲ. ತೆರೆಯಲು ನೋಡಿದವರು ಯಾರೆಂದು ಸರಕಾರಕ್ಕೆ ಗೊತ್ತಾಗುತ್ತದೆ."

ಮಗಳು ನಮಿತಾ ಸಂಜೆ ಆಫೀಸಿನಿಂದ ಬಂದವಳು ಬೋರ್ಡು ಓದಿ ಹಣೆ ಚಚ್ಚಿಕೊಂಡಳು. ವಡೋದರದಲ್ಲೇ ಹುಟ್ಟಿ ಬೆಳೆದ ಹುಡುಗಿ, ಅವಳ ಕನ್ನಡದಲ್ಲಿ ಎಲ್ಲ ಭಾಷೆಗೂ ಜಾಗವಿತ್ತು.

"ಪಪ್ಪಾ, ಇದು ಎಂತ? ಡಿಎನ್‌ಎಸ್ ಅಂದ್ರೆ ಎಂತ ಅಂತ ನಿಮ್ಗೆ ಗೊತ್ತುಂಟಾ?"

"ಗೊತ್ತಿಲ್ಲದೆ ಎಂತ. ಸೇಫ್ಟಿ."

"ಅರೇ ಹಾಗಲ್ಲ. ನಮ್ಮ ಗಲ್ಲಿ ಕೋನೆಯಲ್ಲಿ ಪಾನ್‌ವಾಲಾ ಇದ್ದಾನಲ್ಲ, ಅವನ ಹತ್ರ ಹೋಗಿ ಫಲಾನಾ ಮನೆ ಎಲ್ಲಿ ಅಂತ ಕೇಳಿದ್ರೆ ಅಡ್ರೆಸ್ ಹೇಳ್ತಾನೆ. ಡಿಎನ್‌ಎಸ್ ಅದೇ ಕೆಲಸ ಮಾಡುದು. ನೀವು ಸೈಟಿನ ಹೆಸರು ಹೇಳಿದ್ರೆ ಅದು ದಾರಿ ತೋರಿಸ್ತದೆ. ಆದ್ರೆ ಯಾರು ಯಾವ ಮನೆ ಕೇಳಿದ್ರು ಅಂತ ಅವನಿಗೆ ಯಾದ್ ಇರ್ತದಲ್ಲ? ಆ ಮನೆ ಗಂದಾ ಮನೆ, ಅಲ್ಲಿಗೆ ಹೋಗ್ಬೇಡ ಅಂತ ಡಿಸೈಡ್ ಮಾಡುದು ಯಾರು? ತಪ್ಪಾದ್ರೆ ಕೇಳುದು ಯಾರನ್ನ?"

"ತಪ್ಪು ಮಾಡದವನಿಗೆ ಎಂತದ್ದು ಹೆದರಿಕೆ ಮಾರಾಯ್ತಿ? ನನ್ನ ಫೋನು ಯಾರು ಬೇಕಾದ್ರೂ ನೋಡ್ಲಿ" ಎಂದರು ಮಾಧವರಾಯರು, ಹೋಟೆಲಿನ ಗಿರಾಕಿಗಳೆಲ್ಲ ಕೇಳುವ ಹಾಗೆ. ಕಿರೀಟ್‌ಭಾಯ್ ಮಾತ್ರ ಫ್ಯಾಮಿಲಿ ರೂಮಿನ ಬಾಗಿಲಿನ ಸಂದಿಯಿಂದ ಬೋರ್ಡನ್ನೊಮ್ಮೆ ನೋಡಿ, ತಮ್ಮ ಫೋನನ್ನು ಮೆಲ್ಲಗೆ ಬಂದ್ ಮಾಡಿ ಜೇಬಿಗಿಳಿಸಿದರು.

ಮರುದಿನ ಮಧ್ಯಾಹ್ನ ಮಾಧವರಾಯರು ಎಂದಿನಂತೆ ಉಗ್ರಾಣದ ಚಿಲಕ ಹಾಕಿ, ಪಂಚೆ ಎತ್ತಿ ಕಟ್ಟಿ, ಮಾಸ್ತರರ ತಾಣ ಒತ್ತಿದರು. ಮಾಸ್ತರರು ಬರಲಿಲ್ಲ. ಪರದೆಯೆಲ್ಲ ಕೆಂಪಾಗಿ, ನಡುವೆ ಒಂದು ಮುಚ್ಚಿದ ಬೀಗದ ಚಿತ್ರ ಬಂತು. ಅದರ ಕೆಳಗೆ ಹಿಂದಿಯಲ್ಲಿ, "ಈ ತಾಣವನ್ನು ತಡೆಯಲಾಗಿದೆ. ಕಾರಣ: ಅಶ್ಲೀಲ ವಿಷಯ" ಎಂದು ಬರೆದಿತ್ತು.

ಮಾಧವರಾಯರು ಕನ್ನಡಕ ಒರೆಸಿ ಮತ್ತೊಮ್ಮೆ ಓದಿದರು. ಅಶ್ಲೀಲವೇ ಹೌದು. ಎಪ್ಪತ್ತು ದಾಟಿದ ಮಾಸ್ತರರು, ಮೈತುಂಬ ಬಟ್ಟೆ, ತಲೆಗೆ ರುಮಾಲು. ಇದರಲ್ಲಿ ಅಶ್ಲೀಲ ಎಲ್ಲಿಂದ ಬಂತು? ಮತ್ತೆ ಒತ್ತಿದರು, ಮತ್ತೆ ಕೆಂಪು. ಇನ್ನೊಮ್ಮೆ ಒತ್ತಿದರು. ಆಮೇಲೆ ತಾವೇ ಬರೆಸಿದ ಬೋರ್ಡಿನ ಕೊನೆಯ ಸಾಲು ನೆನಪಾಗಿ ಅಕ್ಕಿ ಮೂಟೆಯ ಮೇಲೆ ಕುಸಿದು ಕೂತರು. ತೆರೆಯಲು ನೋಡಿದವರು ಯಾರೆಂದು ಸರಕಾರಕ್ಕೆ ಗೊತ್ತಾಗುತ್ತದೆ, ಮತ್ತು ತಾವು ಬಿಡದೆ ಮೂರು ಸಲ ನೋಡಿದ್ದಾರೆ.

ಅವತ್ತು ಸಂಜೆ ಅವರು ಕಾಫಿಗೆ ಬಂದ ಗೋಪಾಲಕೃಷ್ಣರ ಪಕ್ಕ ಕೂತು, ಧ್ವನಿ ತಗ್ಗಿಸಿ ಕೇಳಿದರು. "ನಮ್ಮ ಒಬ್ಬ ಗಿರಾಕಿ. ಪಾಪ, ಒಳ್ಳೆಯವ. ಆ ಕೆಂಪು ಪರದೆ ಬಂತಂತೆ. ಅವನಿಗೆ ಎಂತಾದ್ರೂ ಆಗ್ತದಾ?"

"ಯಾರ್ರೀ ಗಿರಾಕಿ?"

"ಹೆಸರು ಹೇಳ್ಲಿಕ್ಕಾಗುದಿಲ್ಲ."

"ವಯಸ್ಸೆಷ್ಟು?"

"ನಮ್ಮಷ್ಟೇ ಅಂತ ಇಟ್ಕೊಳ್ಳಿ."

ಗೋಪಾಲಕೃಷ್ಣ ಕಾಫಿ ಲೋಟ ಕೆಳಗಿಟ್ಟು ಮಾಧವರಾಯರ ಬೆವರಿದ ಹಣೆಯನ್ನು ಬಹಳ ಹೊತ್ತು ನೋಡಿದರು. ಆಮೇಲೆ ಅವರ ಭುಜ ತಟ್ಟಿ, "ಮನುಷ್ಯ ಅಂದ್ಮೇಲೆ ಆಗತ್ತೆ ಸ್ವಾಮಿ. ಆ ಗಿರಾಕಿಗೆ ಹೇಳಿ, ತಾನಾಗೇ ಹೋಗಿ ಒಪ್ಕೊಂಡ್ರೆ ಸರಕಾರ ಸುಮ್ಮನೆ ಬಿಡತ್ತೆ. ಅವರೇ ಮನೆಗೆ ಬಂದ್ರೆ ಮರ್ಯಾದೆ ಹೋಗತ್ತೆ" ಎಂದರು. ಅದು ಎಲ್ಲಿಯ ಕಾನೂನು ಎಂದು ಅವರಿಗೂ ಗೊತ್ತಿರಲಿಲ್ಲ, ಕೇಳುವ ಧೈರ್ಯ ಮಾಧವರಾಯರಿಗೂ ಇರಲಿಲ್ಲ.

ಹೀಗೆ ಮಾಧವರಾಯರು ಒಂದು ಡಬ್ಬಿ ಮೈಸೂರುಪಾಕು ಹಿಡಿದು ಪೊಲೀಸ್ ಠಾಣೆಯ ಸೈಬರ್ ಸಹಾಯದ ಕೌಂಟರಿಗೆ ಹೋದರು. ಅಲ್ಲಿ ಜಾಗೃತಿಬೆನ್ ಎಂಬ ಕಾನ್‌ಸ್ಟೇಬಲ್ ಕೂತಿದ್ದಳು. ಮಾತು ಗುಜರಾತಿಯಲ್ಲಿ ನಡೆಯಿತು.

"ಏನು ಕಳೆದುಕೊಂಡಿರಿ ಕಾಕಾ? ದುಡ್ಡಾ, ಪಾಸ್‌ವರ್ಡಾ?"

"ಏನೂ ಕಳೆದುಕೊಂಡಿಲ್ಲ ಬೆನ್. ನಾನು ಅಂಥವನಲ್ಲ ಅಂತ ಬರೆದುಕೊಳ್ಳಬೇಕು."

"ಎಂಥವರಲ್ಲ?"

"ಸರಕಾರ ತಿಳಿದುಕೊಂಡಂಥವನಲ್ಲ."

"ಸರಕಾರ ನಿಮ್ಮನ್ನು ಎಂಥವರು ಅಂತ ತಿಳಿದುಕೊಂಡಿದೆ?"

"ಅದು ನಿಮಗೆ ಗೊತ್ತಿರುತ್ತದೆ. ನಿನ್ನೆ ಮಧ್ಯಾಹ್ನ, ಸುಪ್ರಭಾತ ಹೋಟೆಲು, ಕೆಂಪು ಪರದೆ."

ಜಾಗೃತಿಬೆನ್ ಮುಂದಿದ್ದ ಕಂಪ್ಯೂಟರನ್ನು ನೋಡಿದಳು. ಅದರಲ್ಲಿ ಅಂಥದ್ದೇನೂ ಇರಲಿಲ್ಲ; ಅದು ಎರಡು ದಿನದಿಂದ ಕೆಟ್ಟು ನಿಂತಿತ್ತು. "ಕಾಕಾ, ನೀವು ಏನು ನೋಡುತ್ತಿದ್ದಿರಿ?" ಎಂದು ಕೇಳಿದಳು.

ಮಾಧವರಾಯರು ಬಾಗಿಲ ಕಡೆ ನೋಡಿದರು. ಜಾಗೃತಿಬೆನ್ ಯಾರೋ ಅಲ್ಲ, ಇವರ ಸೊಸೈಟಿಯ ಹಿಂದಿನ ಬೀದಿಯವಳೇ. ಇವಳಿಗೆ ಹೇಳಿದರೆ ಸಂಜೆಯೊಳಗೆ ಪಾರ್ವತಿಯ ಕಿವಿಗೆ ಬೀಳುತ್ತದೆ, ವರ್ಷವಿಡೀ ಕಾಪಾಡಿದ ಗುಟ್ಟು ನವರಾತ್ರಿಗೆ ಒಂದು ವಾರ ಇರುವಾಗ ಹಾಳಾಗುತ್ತದೆ. "ಹೇಳಲಿಕ್ಕಾಗುವುದಿಲ್ಲ ಬೆನ್. ನವರಾತ್ರಿ ಕಳೆದ ಮೇಲೆ ಬಂದು ಹೇಳುತ್ತೇನೆ" ಎಂದು ಮೈಸೂರುಪಾಕಿನ ಡಬ್ಬಿಯನ್ನು ಅಲ್ಲೇ ಬಿಟ್ಟು ಓಡಿದರು.

ಜಾಗೃತಿಬೆನ್ ಒಳ್ಳೆಯ ಹುಡುಗಿ. ಕಾಕಾನಿಗೆ ತಲೆಗಿಲೆ ಸುತ್ತುತ್ತಿದೆಯೇನೋ ಎಂದು ಅವಳಿಗೆ ಕಳವಳವಾಯಿತು. ಡಬ್ಬಿಯ ಮೇಲೆ ಅಚ್ಚಾಗಿದ್ದ ಕೇಟರಿಂಗ್ ನಂಬರಿಗೆ ಫೋನು ಮಾಡಿದಳು. ಕೇಟರಿಂಗ್ ನಂಬರು ಎಂದರೆ ಮನೆಯ ನಂಬರು. ಎತ್ತಿದವಳು ಪಾರ್ವತಿ. "ಕಾಕೀ, ನಿಮ್ಮವರು ಇಲ್ಲಿಗೆ ಬಂದಿದ್ದರು. ಇಂಟರ್ನೆಟ್ಟಿನಲ್ಲಿ ಏನೋ ನೋಡಿದರಂತೆ, ತಡೆದಿದ್ದಾರಂತೆ, ಏನು ಅಂತ ಹೇಳಲು ನಾಚಿಕೆ ಪಡುತ್ತಿದ್ದಾರೆ. ಸ್ವಲ್ಪ ನೋಡಿಕೊಳ್ಳಿ" ಎಂದು ಬಹಳ ಕಾಳಜಿಯಿಂದ ಹೇಳಿದಳು.

ಅಂದು ಮನೆಯಲ್ಲಿ ಪಾರ್ವತಿ ಒಂದು ಮಾತೂ ಆಡದೆ ಅನ್ನ ಬಡಿಸಿದಳು. ಸಾರಿಗೆ ಉಪ್ಪಿಲ್ಲ. ಮಾಧವರಾಯರು ಉಪ್ಪು ಕೇಳಲಿಲ್ಲ. ಊಟವಾದ ಮೇಲೆ ಅವಳು ಒಳಗೆ ಹೋಗಿ ಸುರತ್ತಿಗೆ ಫೋನು ಮಾಡುವುದು ಕೇಳಿಸಿತು. "ಅಣ್ಣ, ನೀನೊಮ್ಮೆ ಬಂದು ಹೋಗು. ಇವರಿಗೆ ಎಂತದೋ ಆಗಿದೆ."

ಅಣ್ಣ ಎಂದರೆ ಶೇಷಾದ್ರಿ. ಸುರತ್ತಿನ ಪಕ್ಕದ ಹಜೀರಾದ ಒಂದು ಕಂಪನಿಯಲ್ಲಿ ಸುರಕ್ಷತಾ ಅಧಿಕಾರಿ. ಕಾರ್ಖಾನೆಯಲ್ಲಿ ಯಾರಿಗಾದರೂ ಕಿರುಬೆರಳು ತರಚಿದರೂ ಮೂಲಕಾರಣ ಹುಡುಕುವ ಮನುಷ್ಯ. ಮಾರನೆಯ ದಿನ ಮಧ್ಯಾಹ್ನದ ರೈಲಿಗೆ ನಾನ್‌ಖಟಾಯಿ ಬಿಸ್ಕತ್ತಿನ ಪೊಟ್ಟಣ ಹಿಡಿದುಕೊಂಡು ಮನೆಗೆ ಬಂದಿಳಿದರು. ಚಪ್ಪಲಿ ಬಿಡುವ ಮೊದಲೇ, "ಭಾವ, ಇದು ಎಷ್ಟು ಸಮಯದಿಂದ ಉಂಟು?" ಎಂದು ಕೇಳಿದರು.

"ಎಂತದ್ದು?"

"ನೀವು ಎಂತ ನೋಡ್ತೀರೋ ಅದು."

"ಹೋದ ನವರಾತ್ರಿಯಿಂದ" ಎಂದು ಮಾಧವರಾಯರು ಸತ್ಯವನ್ನೇ ಹೇಳಿದರು. ಶೇಷಾದ್ರಿ ಕಣ್ಣು ಮುಚ್ಚಿಕೊಂಡು ದೇವರನ್ನು ನೆನೆದರು.

ಅಷ್ಟರಲ್ಲಿ ಗೋಪಾಲಕೃಷ್ಣರೂ ಬಂದರು. ತಾವು ಯಾರಿಗೂ ಏನೂ ಹೇಳಿಲ್ಲವೆಂದು ಯಾರೂ ಕೇಳದೆಯೇ ಆಣೆ ಮಾಡಿದರು. ಅವರ ಬೆನ್ನಿಗೇ ಸೆಕ್ರೆಟರಿ ಕಿರೀಟ್‌ಭಾಯ್ ಬಂದದ್ದು ನೋಡಿ ಆಣೆಯ ಬೆಲೆ ಎಲ್ಲರಿಗೂ ತಿಳಿಯಿತು. ಕಿರೀಟ್‌ಭಾಯ್ ಕುರ್ಚಿಯ ತುದಿಯಲ್ಲಿ ಕೂತು, ಗಂಟಲು ಸರಿಮಾಡಿಕೊಂಡು, ಎಲ್ಲರಿಗೂ ತಿಳಿಯಲೆಂದು ಹಿಂದಿಯಲ್ಲಿ ಮಾತೆತ್ತಿದರು.

"ಮಾಧವ್‌ಭಾಯ್, ನನಗೇನೂ ಇಲ್ಲ. ಆದರೆ ಕಮಿಟಿ ಇದೆಯಲ್ಲ. ಗರ್ಬಾ ಅಂದರೆ ತಾಯಿಯ ಪೂಜೆ, ಹೆಣ್ಣುಮಕ್ಕಳು ಬರುವ ಜಾಗ. ಜನ ಏನೇನೋ ಆಡಿಕೊಳ್ಳುತ್ತಿದ್ದಾರೆ. ಈ ವರ್ಷ ನೀವು ಅಂಗಳಕ್ಕೆ ಬರದಿದ್ದರೆ ಒಳ್ಳೆಯದು. ಶುದ್ಧ ನಡತೆ ಮುಖ್ಯ ನೋಡಿ."

ಅಂಗಳಕ್ಕೆ ಬರಬೇಡಿ ಎಂದ ಮಾತು ಮಾಧವರಾಯರ ಎದೆಗೆ ನಾಟಿತು. ಉಳಿದದ್ದನ್ನೆಲ್ಲ ತಡೆದುಕೊಳ್ಳಬಹುದಿತ್ತು. ಆ ಅಂಗಳಕ್ಕಾಗಿಯೇ ಅಲ್ಲವೇ ವರ್ಷವಿಡೀ ಸೊಳ್ಳೆಬತ್ತಿಯ ಹೊಗೆ ಕುಡಿದದ್ದು. ಅವರು ತಲೆಯೆತ್ತಿ ಕಿರೀಟ್‌ಭಾಯಿಯ ಮುಖ ನೋಡಿದರು. ಫ್ಯಾಮಿಲಿ ರೂಮು, ಮುಂದೆ ಮಾಡಿದ ಬಾಗಿಲು, ಕಾವಲಿಯಿಂದಿಳಿದ ಬಿಸಿ ಬಿಸಿ ನೀರುಳ್ಳಿ ಉತ್ತಪ್ಪ, ಎಲ್ಲ ನಾಲಿಗೆಯ ತುದಿಗೆ ಬಂತು. ಒಂದೇ ಒಂದು ವಾಕ್ಯ ಸಾಕಿತ್ತು. ಕಿರೀಟ್‌ಭಾಯ್‌ಗೂ ಅದು ಹೊಳೆದಿರಬೇಕು, ಅವರ ಕೈ ತಾನಾಗಿ ಜೇಬಿನ ಏಲಕ್ಕಿಯ ಡಬ್ಬಿಯ ಕಡೆಗೆ ಹೋಯಿತು.

ಮಾಧವರಾಯರು ಆ ವಾಕ್ಯವನ್ನು ಉಗುಳಿನ ಜೊತೆ ನುಂಗಿಕೊಂಡರು.

"ಏನು ನೋಡಿದಿರಿ ಅಂತ ಒಮ್ಮೆ ಹೇಳಿಬಿಡಿ ಭಾವ, ಮೂಲಕಾರಣ ಸಿಕ್ಕಿದ್ರೆ ಪರಿಹಾರ ಉಂಟು" ಎಂದರು ಶೇಷಾದ್ರಿ.

"ಹೌದ್ರೀ, ಇಲ್ಲಿ ಇರೋರೆಲ್ಲ ನಮ್ಮವರೇ" ಎಂದು ಗೋಪಾಲಕೃಷ್ಣ ಕುರ್ಚಿಯನ್ನು ಹತ್ತಿರಕ್ಕೆ ಎಳೆದುಕೊಂಡರು.

ನಮಿತಾಗೆ ತಡೆಯಲಾಗಲಿಲ್ಲ. "ಮಾಮಾ, ಪಪ್ಪ ಎಂತ ನೋಡಿದ್ರೂ ಅದು ಪಪ್ಪನ ವಿಷಯ. ಯಾವುದೋ ಮಶೀನು ಕೆಂಪು ಮಾಡಿದ್ರೆ ಪಪ್ಪ ಖರಾಬ್ ಆಗಿಬಿಟ್ರಾ? ಹೇಳ್ಬೇಡಿ ಪಪ್ಪಾ. ತಪ್ಪು ಮಾಡದವರಿಗೂ ಒಂದು ಬಾಗಿಲು ಬೇಕಾಗ್ತದೆ."

ಆಗ ಅಡುಗೆಮನೆಯ ಬಾಗಿಲಲ್ಲಿ ನಿಂತಿದ್ದ ಪಾರ್ವತಿ ಮುಂದೆ ಬಂದಳು. ನಿನ್ನೆಯಿಂದ ಗಂಡನ ಹತ್ತಿರ ತುಟಿ ಬಿಚ್ಚದವಳು.

"ನನಗೂ ಕೇಳ್ಲಿಕ್ಕಿಲ್ಲ" ಎಂದಳು. "ನಾನು ಸಿಟ್ಟು ಮಾಡಿದ್ದು ಹೌದು. ಆಮೇಲೆ ಕೂತು ಯೋಚನೆ ಮಾಡಿದೆ. ಮದುವೆ ಆಗಿ ಇಷ್ಟು ವರ್ಷದಲ್ಲಿ ಇವರು ಒಬ್ಬ ಗಿರಾಕಿಯ ವಿಷಯ ನನ್ನ ಹತ್ರ ಹೇಳಿದವರಲ್ಲ. ಊರವರ ಗುಟ್ಟೆಲ್ಲ ಹೊಟ್ಟೆಯಲ್ಲಿ ಇಟ್ಕೊಂಡು ಕೂತ ಮನುಷ್ಯ. ಅವರಿಗೆ ಅಂತ ಒಂದು ಗುಟ್ಟು ಇರ್ಲಿ. ಅದು ಕೆಟ್ಟದ್ದು ಅಂತ ನಂಗೆ ಕಾಣುದಿಲ್ಲ. ನಾನು ಇವರ ಜೊತೆ ಸಂಸಾರ ಮಾಡಿದವಳು, ಆ ಕೆಂಪು ಪರದೆ ಅಲ್ಲ."

ಪೊಲೀಸರಿಗೆ ಹೇಳದ್ದನ್ನು, ಭಾವನಿಗೆ ಹೇಳದ್ದನ್ನು, ಇನ್ನು ಇವಳಿಗೆ ಹೇಳದಿರಲು ಮಾಧವರಾಯರಿಂದಾಗಲಿಲ್ಲ. ಆದರೆ ಹೇಗೆ ಹೇಳುವುದೆಂದೂ ತೋಚಲಿಲ್ಲ. ಎದ್ದು ನಿಂತರು. ಟೀಪಾಯಿಯನ್ನು ಗೋಡೆಗೆ ಸರಿಸಿದರು. ಪಂಚೆ ಎತ್ತಿ ಕಟ್ಟಿದರು. ಶೇಷಾದ್ರಿ ಗಾಬರಿಯಾಗಿ ಕಾಲು ಮೇಲೆತ್ತಿಕೊಂಡರು.

ಮಾಧವರಾಯರು ಒಂದು ಹೆಜ್ಜೆ ಮುಂದಿಟ್ಟು, ಬಗ್ಗಿ, ಒಂದು ಚಪ್ಪಾಳೆ ತಟ್ಟಿದರು. ತಿರುಗಿ ಇನ್ನೊಂದು ತಟ್ಟಿದರು. ಬಾಯಲ್ಲಿ ತಾಳ ಗುಣುಗುತ್ತ, ಹೊಟ್ಟೆ ಕುಲುಕಿಸುತ್ತ, ಮುಖವನ್ನು ಪೂಜೆಗೆ ಕೂತವರಷ್ಟು ಗಂಭೀರವಾಗಿಟ್ಟುಕೊಂಡು ಸೋಫಾ, ಫ್ರಿಜ್ಜು, ಭಾವ, ಗೋಪಾಲಕೃಷ್ಣ ಇವರೆಲ್ಲರ ನಡುವೆ ಪೂರಾ ಒಂದು ಸುತ್ತು ಬಂದರು. ಎರಡನೆಯ ಸುತ್ತಿಗೆ ಕಿರೀಟ್‌ಭಾಯಿಯ ಕೈಗಳು ಅವರನ್ನು ಕೇಳದೆಯೇ ತಾಳ ಹಾಕಲು ಶುರು ಮಾಡಿದವು. ಗುಜರಾತಿನಲ್ಲಿ ಹುಟ್ಟಿದ ಕೈ, ಅದೇನು ಮಾಡೀತು ಪಾಪ.

"ಇದೇ" ಎಂದು ನಿಂತು ಏದುಸಿರು ಬಿಟ್ಟರು ಮಾಧವರಾಯರು. "ಇದನ್ನೇ ನೋಡ್ತಾ ಇದ್ದದ್ದು. ಒಬ್ಬ ಮಾಸ್ತರರು ಕಲಿಸ್ತಾರೆ. ಅದನ್ನು ಯಾಕೆ ಕೆಂಪು ಮಾಡಿದ್ರೋ ಆ ದೇವರಿಗೇ ಗೊತ್ತು. ಹೋದ ವರ್ಷ ನೀನು ಗ್ಯಾಲರಿಯಲ್ಲಿ ಒಬ್ಬಳೇ ನಿಂತು ನೋಡುದು ನನ್ನ ಕಣ್ಣಿಗೆ ಬಿತ್ತು ಪಾರ್ವತಿ. ನಾನು ನಿನ್ನನ್ನು ಒಂದು ದಿನ ಕೆಳಗೆ ಕರ್ಕೊಂಡು ಹೋಗ್ಲಿಲ್ಲ. ಈ ಸಲ ಹೋಗುವ ಅಂತ ಇದ್ದೆ. ಮೊದಲೇ ಹೇಳಿದ್ರೆ ನೀನು ಬೇಡ ಅಂತಿದ್ದೆ."

ಪಾರ್ವತಿಯ ಕಣ್ಣು ತುಂಬಿ ಬಂತು. ಸೆರಗಿನಿಂದ ಒರೆಸಿಕೊಂಡಳು. ಆಮೇಲೆ ಅವಳು ಹೇಳಿದ ಮೊದಲ ಮಾತು ಇದು: "ಕಾಲು ತಪ್ಪು ಹಾಕಿದ್ರಿ."

"ಎಂತ?"

"ಎಡಕ್ಕೆ ಹೋಗ್ಬೇಕಾದಲ್ಲಿ ಬಲಕ್ಕೆ ಹೋಗ್ತೀರಿ. ಇಡೀ ಸುತ್ತೇ ಉಲ್ಟಾ. ಮಾಸ್ತರರು ನಿಮ್ಮ ಎದುರು ನಿಂತು ಕುಣಿದದ್ದಲ್ಲ? ಕನ್ನಡಿ ನೋಡಿದ ಹಾಗೆ ಕಲಿತಿದ್ದೀರಿ."

"ಅದು ನಿಂಗೆ ಹೇಗೆ ಗೊತ್ತು?"

ನಮಿತಾ ಬಾಯಿಗೆ ಕೈ ಅಡ್ಡ ಇಟ್ಟುಕೊಂಡಳು. ಗೋಪಾಲಕೃಷ್ಣ ಸೂರು ನೋಡಿದರು. ಕೊನೆಗೆ ಕಿರೀಟ್‌ಭಾಯ್ ಗೋಡೆಯ ಗಡಿಯಾರದ ಕಡೆಗೆ ಬೆರಳು ತೋರಿಸಿ, "ಮಾಧವ್‌ಭಾಯ್, ಅದು ಎಲ್ಲಿಂದ ಬಂತು ಅಂದುಕೊಂಡಿದ್ದೀರಿ?" ಎಂದು ಕೇಳಿದರು.

"ಯಾರೋ ಗಿರಾಕಿ ದೀಪಾವಳಿಗೆ ಕೊಟ್ಟದ್ದು ಅಂತ ಇವಳು ಹೇಳಿದ್ದಳು."

"ನಾನು ಕೊಟ್ಟದ್ದು. ಸೊಸೈಟಿಯ ಗರ್ಬಾದಲ್ಲಿ ಮೊದಲ ಬಹುಮಾನ, ಪಾರ್ವತಿಬೆನ್‌ಗೆ. ಆ ಮಿಕ್ಸಿ, ಅದರ ಹಿಂದಿನ ವರ್ಷದ್ದು. ಆ ಇಸ್ತ್ರಿಪೆಟ್ಟಿಗೆ, ಆ ಸ್ಟೀಲಿನ ಡಬ್ಬಿಗಳು, ಈ ನಾನು ಕೂತಿರುವ ಕುರ್ಚಿ. ಇವರ ಹಾಗೆ ದೋಢಿಯು ಎಂಬ ಗರ್ಬಾ ಹೆಜ್ಜೆ ಕುಣಿಯುವವರು ನಮ್ಮ ಗುಜರಾತಿನವರಲ್ಲೇ ಇಲ್ಲ. ಹೋದ ವರ್ಷ ಕಾಲು ಉಳುಕಿತ್ತು ಅಂತ ಮೇಲೆ ನಿಂತು ನೋಡಿದರು. ಇಡೀ ಸೊಸೈಟಿಗೆ ಬೇಸರವಾಗಿತ್ತು."

ಮಾಧವರಾಯರು ಆ ಕೋಣೆಯನ್ನು ಮೊದಲ ಸಲ ನೋಡುವವರ ಹಾಗೆ ಸುತ್ತ ನೋಡಿದರು. ಅವರು ದಿನಾ ಗಂಟೆ ನೋಡುವ ಗಡಿಯಾರ, ಅವರ ಅಂಗಿಗೆ ಇಸ್ತ್ರಿ ಹಾಕುವ ಪೆಟ್ಟಿಗೆ, ಚಟ್ನಿ ಅರೆಯುವ ಮಿಕ್ಸಿ. ಇಡೀ ಮನೆಯನ್ನೇ ಹೆಂಡತಿ ಕುಣಿದು ಗೆದ್ದು ತುಂಬಿಸಿದ್ದಳು. ಊರಿನ ಗುಟ್ಟೆಲ್ಲ ಗೊತ್ತಿದ್ದ ಅವರಿಗೆ ಊರಿಗೆಲ್ಲ ಗೊತ್ತಿದ್ದ ಈ ಒಂದು ಗುಟ್ಟು ಗೊತ್ತಿರಲಿಲ್ಲ.

"ನನ್ನ ಹತ್ರ ಯಾಕೆ ಹೇಳ್ಲಿಲ್ಲ?" ಎಂದರು. ಧ್ವನಿ ಮಗುವಿನದ್ದಾಗಿತ್ತು.

"ನೀವು ಅಲ್ಲಿ ಗಲ್ಲಾ ಬಿಟ್ಟು ಏಳ್ಲಿಕ್ಕಾಗದೆ ಕೂತಿರುವಾಗ ನಾನಿಲ್ಲಿ ಕುಣಿತೇನೆ ಅಂತ ಹೇಗೆ ಹೇಳುದು? ಗೊತ್ತಾದ್ರೆ ನಿಮಗೆ ಬರುವ ಅಂತ ಆಸೆ ಆಗ್ತಿತ್ತು, ಬರ್ಲಿಕ್ಕೆ ಆಗ್ತಿರ್ಲಿಲ್ಲ. ಪಾಪ ಅನಿಸ್ತು. ಎಲ್ಲರ ಹತ್ರವೂ ಹೇಳಿದ್ದೆ, ಇವರಿಗೆ ಹೇಳ್ಬೇಡಿ ಅಂತ." ಅವಳು ಕಿರೀಟ್‌ಭಾಯಿಯನ್ನೂ ಗೋಪಾಲಕೃಷ್ಣರನ್ನೂ ನೋಡಿದಳು. "ಅದೊಂದನ್ನು ಇವರೂ ಕಾಪಾಡಿದ್ರು."

ಕಿರೀಟ್‌ಭಾಯ್ ಎದ್ದು ನಿಂತು ಎರಡೂ ಕೈ ಮುಗಿದರು. ಕಮಿಟಿಯ ಮಾತು ಕಮಿಟಿಗೇ ಬಿಟ್ಟು, ನೀವು ಬರದಿದ್ದರೆ ಗರ್ಬಾ ಶುರುವಾಗುವುದಿಲ್ಲ ಎಂದರು. ಬಾಗಿಲ ತನಕ ಹೋದವರು ತಿರುಗಿ ಮಾಧವರಾಯರ ಹತ್ತಿರ ಬಂದು, ಮೆಲ್ಲಗೆ, "ನೀವು ಹೇಳಬಹುದಿತ್ತು" ಎಂದರು.

"ಏನನ್ನು?" ಎಂದರು ಮಾಧವರಾಯರು, ಏನೂ ಗೊತ್ತಿಲ್ಲದ ಮುಖ ಮಾಡಿ. ಕಿರೀಟ್‌ಭಾಯ್ ಅವರ ಕೈಯನ್ನು ಗಟ್ಟಿಯಾಗಿ ಒತ್ತಿ ಹೋದರು.

ಮರುದಿನ ಬೆಳಿಗ್ಗೆ ಬೋರ್ಡು ಕೆಳಗಿಳಿಯಿತು. ನಮಿತಾ ಆ ಡಿಎನ್‌ಎಸ್ ತೆಗೆದು ಬೇರೊಂದು ಹಾಕಿದಳು. ಮಾಸ್ತರರ ತಾಣವನ್ನು ತಪ್ಪಾಗಿ ತಡೆದಿದ್ದೀರೆಂದು ದೂರು ಬರೆದು ಕಳಿಸಿದ್ದಕ್ಕೆ, "ನಿಮ್ಮ ಮನವಿ ಪರಿಶೀಲನೆಯಲ್ಲಿದೆ" ಎಂದು ಉತ್ತರ ಬಂತು. ಯಾಕೆ ತಡೆದರು, ಯಾರು ತಡೆದರು ಎಂಬುದಕ್ಕೆ ಉತ್ತರ ಬರಲಿಲ್ಲ. ಅದು ಈಗಲೂ ಪರಿಶೀಲನೆಯಲ್ಲಿಯೇ ಇದೆ.

"ಈ ಹೊಸದು ಯಾರದ್ದು?" ಎಂದು ಮಾಧವರಾಯರು ಕೇಳಿದರು.

"ಒಂದು ಕಂಪನಿಯದ್ದು ಪಪ್ಪಾ."

"ಹಾಗಾದ್ರೆ ಅಲ್ಲಿಯೂ ಯಾರೋ ಗಲ್ಲಾದಲ್ಲಿ ಕೂತಿರ್ತಾರೆ."

"ಇರ್ತಾರೆ. ಯಾರಾದ್ರೂ ಇದ್ದೇ ಇರ್ತಾರೆ. ಏನೂ ಬರೆದಿಟ್ಕೊಳ್ಳುದಿಲ್ಲ ಅಂತ ಹೇಳ್ತಾರೆ."

"ಅವನಿಗೆ ಬಾಯಿ ಉಂಟಾ ಇಲ್ವಾ ಅಂತ ನಮಗೆ ಹೇಗೆ ಗೊತ್ತಾಗುದು ಮಗಾ?" ಎಂದರು ಮಾಧವರಾಯರು. ನಮಿತಾ ನಕ್ಕಳು. ಅಪ್ಪನಿಗೆ ಡಿಎನ್‌ಎಸ್ ಎಂದರೆ ಏನೆಂದು ಕೊನೆಗೂ ಅರ್ಥವಾಯಿತೆಂದು ಅವಳಿಗೆ ಗೊತ್ತಾಯಿತು.

ನವರಾತ್ರಿಯ ಮೊದಲ ಸಂಜೆ ಗಲ್ಲಾದಲ್ಲಿ ನಮಿತಾ ಕೂತಳು. ಶೇಷಾದ್ರಿ ರಜೆ ಮುಂದುವರಿಸಿ ಅವಳ ಪಕ್ಕದಲ್ಲಿ ನಿಂತು, ಕಾವಲಿ ಹತ್ತಿರ ಮರಳಿನ ಬಕೆಟ್ ಇಲ್ಲ ಎಂದು ತಕರಾರು ತೆಗೆಯುತ್ತಿದ್ದರು. ಇತ್ತ ಸೊಸೈಟಿಯ ಅಂಗಳದಲ್ಲಿ ಪಾರ್ವತಿ ಕಸೂತಿಯ ಸೀರೆಯುಟ್ಟು, ಮಾಧವರಾಯರ ಸೊಂಟಕ್ಕೆ ಒಂದು ಬಣ್ಣದ ದುಪ್ಪಟ್ಟಾ ಬಿಗಿದು, ಕೈ ಹಿಡಿದು ಸುತ್ತಿನೊಳಗೆ ಕರೆದುಕೊಂಡು ಹೋದಳು. ಕರೆದುಕೊಂಡು ಹೋಗಬೇಕಾದವರು ಇವರಾಗಿದ್ದರು, ಇರಲಿ. ಹಿಂದಿನ ಐದಾರು ದಿನ ಅವಳು ತಾನೇ ಪಕ್ಕದಲ್ಲಿ ನಿಂತು ಕಾಲು ತಿದ್ದಿದ್ದಳು. ಆದರೆ ಡೋಲು ಬಾರಿಸಿದ ಕೂಡಲೇ ವರ್ಷವಿಡೀ ಅಕ್ಕಿ ಮೂಟೆಗಳ ನಡುವೆ ಸುತ್ತಿದ ಕಾಲು ತನ್ನ ಹಳೆಯ ದಾರಿಯನ್ನೇ ಹಿಡಿಯಿತು.

ಇಡೀ ಸೊಸೈಟಿ ಒಂದು ಕಡೆಗೆ ಸುತ್ತುತ್ತಿದ್ದರೆ ಮಾಧವರಾಯರು ಒಳಗಿನ ಸಾಲಿನಲ್ಲಿ ಒಬ್ಬರೇ ಎದುರು ದಿಕ್ಕಿಗೆ ಹೊರಟರು. ಕಿರೀಟ್‌ಭಾಯ್ ಮೈಕಿನಲ್ಲಿ, "ಮಾಧವ್‌ಭಾಯ್, ಈ ಕಡೆ, ಈ ಕಡೆ" ಎಂದು ಕೂಗಿದರು. ಬಂದೋಬಸ್ತಿಗೆ ನಿಂತಿದ್ದ ಜಾಗೃತಿಬೆನ್ ಕೂಡ ಕೈಯಾಡಿಸಿ ದಾರಿ ತೋರಿಸಿದಳು. ಮಾಧವರಾಯರು ತಿರುಗಬೇಕೆಂದು ನೋಡಿದರು. ಅಷ್ಟರಲ್ಲಿ ಎದುರಿನಿಂದ ಪಾರ್ವತಿ ಬಂದಳು, ಮುಖವೆಲ್ಲ ಬೆವರು, ಹಣೆಯ ಕುಂಕುಮ ಹರಡಿತ್ತು, ನಗುತ್ತಿದ್ದಳು. ಅವಳು ಹೀಗೆ ನಗುವುದನ್ನು ಅವರು ನೋಡಿಯೇ ಇರಲಿಲ್ಲ. ನೋಡನೋಡುತ್ತ ದಾಟಿ ಹೋದಳು.

ಉಳಿದ ಗಂಡಂದಿರೆಲ್ಲ ಹೆಂಡತಿಯ ಬೆನ್ನು ನೋಡುತ್ತ ಕುಣಿಯುತ್ತಿದ್ದರು. ಮಾಧವರಾಯರು ಮೈಕಿನ ಕಡೆಗೆ ಕಿವಿ ಕೊಡಲಿಲ್ಲ. ಎರಡು ಚಪ್ಪಾಳೆ ತಟ್ಟಿ, ಬಗ್ಗಿ, ಮತ್ತೆ ತಪ್ಪು ದಿಕ್ಕಿಗೇ ಹೆಜ್ಜೆ ಹಾಕಿದರು. ಅರ್ಧ ಸುತ್ತು ಕಳೆದರೆ ಅವಳು ಮತ್ತೆ ಎದುರಿಗೆ ಬರುತ್ತಾಳೆ.